ಗುಟ್ಟಿನ ಮತ ಕಣ್ಣಿದ್ದವರಿಗೆ ಮಾತ್ರವೇ?

ಪ್ರತಿ ಚುನಾವಣೆಯ ಮಾರನೆಯ ದಿನ ಪತ್ರಿಕೆಗಳಲ್ಲಿ ಒಂದು ಫೋಟೋ ತಪ್ಪುವುದೇ ಇಲ್ಲ. ನಾಲ್ಕು ಜನ ಸೇರಿ ಒಬ್ಬ ಅಂಗವಿಕಲನನ್ನು ಕುರ್ಚಿ ಸಮೇತ ಎತ್ತಿಕೊಂಡು ಶಾಲೆಯ ಮೆಟ್ಟಿಲು ಹತ್ತುತ್ತಿರುತ್ತಾರೆ. ಕೆಳಗೆ 'ಪ್ರಜಾಪ್ರಭುತ್ವದ ಹಬ್ಬ' ಎಂಬ ಅಡಿಬರಹ. ಹಬ್ಬ ಯಾರದು ಸ್ವಾಮಿ? ಆ ಮೆಟ್ಟಿಲ ಪಕ್ಕದಲ್ಲಿ ಎರಡು ಮೂಟೆ ಸಿಮೆಂಟಿನ ಇಳಿಜಾರು ಇದ್ದಿದ್ದರೆ ಆ ಮನುಷ್ಯ ತಾನೇ ಗಾಲಿಕುರ್ಚಿ ಉರುಳಿಸಿಕೊಂಡು ಹೋಗಿ, ಮತ ಹಾಕಿ, ಯಾರ ಹಂಗೂ ಇಲ್ಲದೆ ಮನೆಗೆ ಹೋಗುತ್ತಿದ್ದ. ಯಾರದೋ ಕೆಲಸಗಳ್ಳತನದ ಚಿತ್ರ ನೋಡಿ ನಾವು ಕಣ್ಣೀರು ತುಂಬಿಕೊಳ್ಳುತ್ತಿದ್ದೇವೆ.

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. ಮತಗಟ್ಟೆಗಳಲ್ಲಿ ಇಳಿಜಾರು ಇರಲೇಬೇಕೆಂದು ಸುಪ್ರೀಂ ಕೋರ್ಟು 2004ರಲ್ಲೇ ಹೇಳಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 11ನೇ ಸೆಕ್ಷನ್ನು ಇನ್ನೂ ಸ್ಪಷ್ಟ: ಎಲ್ಲ ಮತಗಟ್ಟೆಗಳೂ ಅಂಗವಿಕಲರು ತಲುಪುವಂತಿರಬೇಕು, ಚುನಾವಣೆಗೆ ಸಂಬಂಧಿಸಿದ ಎಲ್ಲ ಸಾಮಗ್ರಿಯೂ ಅವರಿಗೆ ಅರ್ಥವಾಗುವಂತಿರಬೇಕು. 'ಸಾಧ್ಯವಾದರೆ' ಎಂಬ ಜಾರುಬಂಡಿಯ ಮಾತು ಅಲ್ಲಿಲ್ಲ. ಇಲಾಖೆಯ ಬೋರ್ಡು ಬದಲಾಯಿತು, ಅಂಗವಿಕಲರು ಹೋಗಿ ವಿಕಲಚೇತನರಾದರು, ಇನ್ನು ಕೆಲವರ ಭಾಷಣದಲ್ಲಿ ವಿಶೇಷಚೇತನರೂ ಆದರು. ಹೆಸರಿಗೆ ಹೆಸರು ಸೇರಿಸುವುದರಲ್ಲಿ ನಮ್ಮ ಸರ್ಕಾರಗಳು ಎಂದೂ ಜಿಪುಣತನ ಮಾಡಿಲ್ಲ.

ಲೆಕ್ಕ ನೋಡಿ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ ಅಂಗವಿಕಲರು. ಆಗ ಎಣಿಸಿದ್ದು ಬೆರಳೆಣಿಕೆಯ ವಿಧಗಳನ್ನು. 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಆದರೆ 2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಮತದಾರರ ಪಟ್ಟಿಯಲ್ಲಿ ಅಂಗವಿಕಲರೆಂದು ಗುರುತಾಗಿದ್ದವರು ಸುಮಾರು ಐದೂವರೆ ಲಕ್ಷ ಮಾತ್ರ. ಗಣತಿಯಲ್ಲಿ ಮಕ್ಕಳೂ ಸೇರಿದ್ದಾರೆ, ಸರಿ. ಮಕ್ಕಳನ್ನು ಕಳೆದರೂ ಲೆಕ್ಕ ಕೂಡುವುದಿಲ್ಲ. ಉಳಿದವರಲ್ಲಿ ಅನೇಕರ ಹೆಸರು ಪಟ್ಟಿಯಲ್ಲಿ ಇದ್ದೀತು, ಆದರೆ ಆ ಗುರುತು ಇಲ್ಲ. ಗುರುತಿಲ್ಲದಿದ್ದರೆ ಏನಾಯಿತು ಎನ್ನುತ್ತೀರಾ? ಯಾವ ಮತಗಟ್ಟೆಗೆ ಗಾಲಿಕುರ್ಚಿ ಬೇಕು, ಯಾರ ಮನೆಗೆ ನಮೂನೆ 12ಡಿ ಒಯ್ಯಬೇಕು ಎಂಬುದೆಲ್ಲ ಲೆಕ್ಕವಾಗುವುದು ಆ ಒಂದು ಗುರುತಿನ ಮೇಲೆ. ಗುರುತೇ ಇಲ್ಲದವನಿಗೆ ಕುರ್ಚಿಯೂ ಇಲ್ಲ.

ಇಳಿಜಾರಿನ ಮಾತು ಕಣ್ಣಿಗೆ ಕಾಣುವುದರಿಂದ ಎಲ್ಲರೂ ಅದನ್ನೇ ಆಡುತ್ತಾರೆ. ಕಣ್ಣಿಗೆ ಕಾಣದ ಅನ್ಯಾಯ ಇನ್ನೊಂದಿದೆ.

ಅಂಧ ಮತದಾರನೊಬ್ಬ ಒಳಗೆ ಬಂದ ಎಂದಿಟ್ಟುಕೊಳ್ಳಿ. 2009ರ ಲೋಕಸಭಾ ಚುನಾವಣೆಯಿಂದ ಮತಯಂತ್ರದ ಗುಂಡಿಗಳ ಪಕ್ಕದಲ್ಲಿ ಬ್ರೈಲ್ ಅಂಕಿಗಳಿವೆ. ಅಭ್ಯರ್ಥಿಗಳ ಹೆಸರಿರುವ ಬ್ರೈಲ್ ಹಾಳೆಯನ್ನು ಅವನ ಕೈಗೆ ಕೊಡಬೇಕು. ಅವನು ಓದಿ, ಅಂಕಿ ನೆನಪಿಟ್ಟುಕೊಂಡು, ಒಬ್ಬನೇ ಹೋಗಿ ಗುಂಡಿ ಒತ್ತಬಹುದು. ಬ್ರೈಲ್ ಬಾರದಿದ್ದರೆ, ನೆರವಿಲ್ಲದೆ ಆಗದಿದ್ದರೆ, 1961ರ ಚುನಾವಣಾ ನಿಯಮಗಳ 49ಎನ್ ಪ್ರಕಾರ 18 ತುಂಬಿದ ಒಬ್ಬ ಸಂಗಡಿಗನನ್ನು ಕರೆದೊಯ್ಯಬಹುದು. ಆ ಸಂಗಡಿಗ ಗುಟ್ಟು ಕಾಯುವೆನೆಂದು ಬರೆದುಕೊಡಬೇಕು. ಅದೇ ದಿನ ಇನ್ನೊಬ್ಬರಿಗೆ ಸಂಗಡಿಗನಾಗುವಂತಿಲ್ಲ.

ನಿಯಮ ಇಷ್ಟು ಚೆನ್ನಾಗಿದೆ. ನಡೆಯುವುದೇನು? ಅಂಧ ವ್ಯಕ್ತಿ ಬಾಗಿಲಿಗೆ ಬಂದ ಕೂಡಲೇ 'ಜೊತೆಗೆ ಯಾರಿದ್ದಾರೆ, ಕರೀರಿ' ಎಂಬ ಕೂಗು. ನಾನೇ ಹಾಕುತ್ತೇನೆ ಎಂದರೆ ಅಧಿಕಾರಿಗೆ ತಲೆನೋವು, ಸಾಲಿನಲ್ಲಿರುವವರಿಗೆ ಅವಸರ. ಅಣ್ಣನೋ ಮಾವನೋ ಒಳಗೆ ಹೋಗುತ್ತಾನೆ, ತನ್ನ ಪಕ್ಷಕ್ಕೆ ಎರಡನೆಯ ಮತ ಒತ್ತಿ ಬರುತ್ತಾನೆ. ತಂಗಿ ಕೇಳುವಂತಿಲ್ಲ. ವಿವಿಪ್ಯಾಟ್ ಚೀಟಿ ಏಳು ಸೆಕೆಂಡು ಗಾಜಿನ ಹಿಂದೆ ಕಾಣಿಸಿ ಬೀಳುತ್ತದೆ. ಕಾಣದವಳಿಗೆ ಅದು ಎಪ್ಪತ್ತು ಸೆಕೆಂಡು ನಿಂತರೂ ಅಷ್ಟೇ. ಜಾಗ, ಜಾತಿ, ಗಂಡನ ಮನೆ, ಎಲ್ಲದರಲ್ಲೂ ಬೇರೆಯವರ ತೀರ್ಮಾನಕ್ಕೆ ತಲೆಬಾಗಿದವಳಿಗೆ ತನ್ನದೆಂಬ ಒಂದು ಗುಟ್ಟು ಐದು ವರ್ಷಕ್ಕೊಮ್ಮೆ ಇತ್ತು. ಅದನ್ನೂ ಕಿತ್ತುಕೊಂಡರು, ಅದೂ 'ಸಹಾಯ'ದ ಹೆಸರಿನಲ್ಲಿ!

ಈಗ ಇದಕ್ಕೆ ಹೊಸ ತಿರುವು ಬಂದಿದೆ. ಪಂಚಾಯಿತಿ, ನಗರ ಸಂಸ್ಥೆಗಳ ಚುನಾವಣೆಯನ್ನು ಮತಪತ್ರದಲ್ಲೇ ನಡೆಸುವಂತೆ ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಯಂತ್ರವೋ ಕಾಗದವೋ ಎಂಬ ಪಕ್ಷಗಳ ಜಗಳಕ್ಕೆ ನಾವು ಇಲ್ಲಿ ಇಳಿಯುವುದಿಲ್ಲ. ನಮ್ಮ ಪ್ರಶ್ನೆ ಬೇರೆ. ಯಂತ್ರದ ಮೇಲಿದ್ದ ಬ್ರೈಲ್ ಅಂಕಿ ಕಾಗದದ ಮೇಲೆ ಎಲ್ಲಿದೆ? ನುಣುಪು ಕಾಗದದ ಮೇಲೆ ಯಾವ ಚಿಹ್ನೆಯ ಮುಂದೆ ಮೊಹರು ಬಿತ್ತೆಂದು ಅಂಧ ಮತದಾರ ತಿಳಿಯುವುದು ಹೇಗೆ? ಇದು ಪರಿಹಾರವಿಲ್ಲದ ಒಗಟೇನಲ್ಲ. ಮತಪತ್ರವನ್ನು ಒಳಗೆ ತೂರಿಸಿ, ತೂತುಗಳನ್ನು ಬೆರಳಿನಿಂದ ಎಣಿಸಿ ಗುರುತು ಹಾಕುವ ಅಚ್ಚುಗಳನ್ನು ಪಶ್ಚಿಮ ಆಫ್ರಿಕಾದ ಘಾನಾ, ಸಿಯೆರಾ ಲಿಯೋನ್ ದೇಶಗಳು ಬಳಸಿ ತೋರಿಸಿವೆ. ರಟ್ಟಿನಲ್ಲೂ ಮಾಡಬಹುದಾದ ವಸ್ತು. ಅದರ ಮೇಲೆ ಕನ್ನಡ ಬ್ರೈಲ್ ಇರಲಿ. ಕಾಗದಕ್ಕೆ ಹೋಗುವವರು ಇದನ್ನು ಕೊಟ್ಟೇ ಹೋಗಬೇಕು.

ಮನೆಯಿಂದ ಮತದಾನವೂ ಇದೆ. ಕರ್ನಾಟಕದಲ್ಲಿ 2023ರಲ್ಲಿ, ದೇಶದ ಲೋಕಸಭಾ ಚುನಾವಣೆಯಲ್ಲಿ 2024ರಲ್ಲಿ ಮೊದಲ ಸಲ ಬಂತು. ಶೇಕಡ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು ಅಧಿಸೂಚನೆಯಾದ ಐದು ದಿನದೊಳಗೆ 12ಡಿ ತುಂಬಿಕೊಟ್ಟರೆ ಸಿಬ್ಬಂದಿ ಮನೆಗೇ ಬರುತ್ತಾರೆ. ಹಾಸಿಗೆ ಹಿಡಿದವರಿಗೆ ಇದು ವರ. ಆದರೆ 'ನಿನಗ್ಯಾಕೆ ಮತಗಟ್ಟೆ, ಮನೆಯಲ್ಲೇ ಹಾಕು' ಎಂದು ಇಳಿಜಾರು ಕಟ್ಟದೇ ಇರಲು ಇದನ್ನು ನೆಪ ಮಾಡಿಕೊಂಡರೆ ಅದು ಮೋಸ. ಎಲ್ಲರ ಸಾಲಿನಲ್ಲಿ ನಿಲ್ಲುವುದೂ ಮತದಾನದ ಒಂದು ಭಾಗ.

ಬುದ್ಧಿಮಾಂದ್ಯರು, ಮಾನಸಿಕ ಕಾಯಿಲೆ ಇರುವವರ ವಿಷಯದಲ್ಲಂತೂ ಮನೆಯವರೇ ನ್ಯಾಯಾಧೀಶರು. ಕಾನೂನು ಹೇಳುವುದು ಇಷ್ಟೇ: ಸಕ್ಷಮ ನ್ಯಾಯಾಲಯ ಘೋಷಿಸದ ಹೊರತು ಅಸ್ವಸ್ಥಚಿತ್ತನೆಂದು ಯಾರ ಹೆಸರನ್ನೂ ಪಟ್ಟಿಯಿಂದ ಹೊರಗಿಡುವಂತಿಲ್ಲ. ವೈದ್ಯರ ಚೀಟಿ ಸಾಲದು, ಚಿಕ್ಕಪ್ಪನ ಮಾತು ಸಾಲದು.

ಇನ್ನು ಕುರ್ಚಿಯ ವಿಚಾರ. ಸಾಧನ್ ಗುಪ್ತ ಎಂಬ ಅಂಧ ವಕೀಲರು 1953ರಲ್ಲೇ ಕಲ್ಕತ್ತೆಯಿಂದ ಲೋಕಸಭೆಗೆ ಗೆದ್ದರು. ಪೋಲಿಯೋದಿಂದ ಊರುಗೋಲು ಹಿಡಿದಿದ್ದ ಜೈಪಾಲ್ ರೆಡ್ಡಿ ಕೇಂದ್ರ ಮಂತ್ರಿಯಾದರು. ಹೀಗೆ ಒಂದೆರಡು ಹೆಸರು ಹೇಳಿ ನಿಲ್ಲಿಸಬೇಕಾದ ಸ್ಥಿತಿ. ಊರಿನ ಸಭೆಗಳಲ್ಲಿ ಅಂಗವಿಕಲರನ್ನು ನಾಮಕರಣ ಮಾಡಲು ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಮಸೂದೆ ಪಾಸು ಮಾಡಿತು. ನೀರಿಗೆ ಜಗಳವಾಡೋಣ, ಬಿಡುವುದು ಬೇಡ. ಪಕ್ಕದ ಮನೆಯ ಒಳ್ಳೆಯ ಕೆಲಸ ನೋಡಿ ಕಲಿಯಲು ನಾಚಿಕೆ ಯಾಕೆ? ನಿಮ್ಮ ವಾರ್ಡಿಗೆ ಮತ ಕೇಳಲು ಬಂದವನನ್ನು ಇದೊಂದು ಪ್ರಶ್ನೆ ಕೇಳಿ, ಮುಖ ನೋಡಿ.

ಘೋಷಣೆ ಕೂಗುವ ಗೆಳೆಯರಿಗೂ ಒಂದು ಮಾತು. ಸರ್ಕಾರ ಕುರುಡು, ಅಧಿಕಾರಿ ಕಿವುಡ ಎಂದು ಬಯ್ಯುವುದು ಬಿಡಿ. ಇಂಥ ಮಾತು ಬೇಡವೆಂದು ಚುನಾವಣಾ ಆಯೋಗ 2023ರ ಡಿಸೆಂಬರಿನಲ್ಲಿ ಪಕ್ಷಗಳಿಗೆ ಹೇಳಿದೆ. ಕೆಲಸಗಳ್ಳನನ್ನು ಕೆಲಸಗಳ್ಳ ಎನ್ನಿ. ಬಯ್ಯಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ.

ಮಾಡಬೇಕಾದ ಕೆಲಸ ದೊಡ್ಡದಲ್ಲ. ಮುಂದಿನ ಭಾನುವಾರ ನಾಲ್ಕು ಜನ ಸೇರಿ ನಿಮ್ಮ ಬೀದಿಯ ಮತಗಟ್ಟೆಗೆ ಹೋಗಿ. ಇಳಿಜಾರು ಇದೆಯೇ, ಇದ್ದರೆ ಗಾಲಿಕುರ್ಚಿ ಹತ್ತುವಂತಿದೆಯೇ ಅಥವಾ ಗುಡ್ಡದಂತಿದೆಯೇ ನೋಡಿ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಇರಬೇಕು, ಟೇಪು ಹಿಡಿದು ಅಳೆಯಿರಿ. ಆಮೇಲೆ ಬೀದಿಯಲ್ಲಿ ಮನೆ ಮನೆಗೆ ಹೋಗಿ, ಒಪ್ಪಿದವರಿಂದ ನಮೂನೆ 8 ತುಂಬಿಸಿ ಬಿಎಲ್‌ಓ ಕೈಗೆ ಕೊಡಿ, ಸ್ವೀಕೃತಿ ಚೀಟಿ ಪಡೆಯಿರಿ. ಏನಾದರೂ ಗೊಂದಲವಿದ್ದರೆ 1950ಕ್ಕೆ ಫೋನು ಮಾಡಿ, ಕನ್ನಡದಲ್ಲೇ ಕೇಳಿ.