ಸೋಲಿಗೂ ಒಂದು ಅಚ್ಚು ಬೇಕು

ಬೆಂಗಳೂರಿನ ಹುಡುಗರೇ, ಹುಡುಗಿಯರೇ, ನಿಮಗೊಂದು ಪ್ರಶ್ನೆ. ಬೆಂಗಳೂರು ಎಫ್‌ಸಿ ತಂಡ ಕಪ್ ಗೆದ್ದ ತಾರೀಖು ಯಾವುದು? ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತೀರಿ. ಸೋತ ತಾರೀಖು ಯಾವುದು ಅಂತ ಕೇಳಿದರೆ? ದಿನ, ನಿಮಿಷ, ಕೂತಿದ್ದ ಮೆಟ್ಟಿಲು, ಪಕ್ಕದವನ ಮುಖ ಎಲ್ಲಾ ಒಂದೇ ಉಸಿರಿಗೆ ಹೊರಗೆ ಬರುತ್ತೆ!

ಇದು ಅಭಿಮಾನಿಯ ಜಾತಕ. ಗೆಲುವು ಎಲ್ಲರದ್ದು. ಆವತ್ತು ಬೆಳಿಗ್ಗೆ ತಾನೇ ಜೆರ್ಸಿ ಕೊಂಡವನೂ ಕುಣಿಯುತ್ತಾನೆ. ಸೋಲು ಮಾತ್ರ ಬಂದು ಕೂತವನದ್ದು, ಕಡೇ ಸೀಟಿ ಊದುವವರೆಗೂ ಏಳದೆ ಇದ್ದವನದ್ದು.

ನಾನು ಪ್ರೆಸ್ ಇಟ್ಟುಕೊಂಡವನು. ಪಿಯುಸಿ ಮುಗಿಸಿ ಮೊಳೆ ಜೋಡಿಸೋಕೆ ಕೂತೆ, ಈಗ ಆಫ್‌ಸೆಟ್ ಓಡಿಸುತ್ತೇನೆ. ಇಷ್ಟು ವರ್ಷದಲ್ಲಿ ಗೆದ್ದವರ ಪೋಸ್ಟರ್, ವಿಜಯೋತ್ಸವದ ಕರಪತ್ರ, ಸನ್ಮಾನದ ಆಹ್ವಾನ ಪತ್ರಿಕೆ ಎಷ್ಟು ಹೊಡೆದುಕೊಟ್ಟಿದ್ದೇನೋ ಲೆಕ್ಕವಿಲ್ಲ. ಸೋತವರದ್ದು ಒಂದು ಚೀಟಿಯನ್ನೂ ಯಾರೂ ಅಚ್ಚು ಹಾಕಿಸಿಲ್ಲ. ಅದಕ್ಕೇ ನನ್ನ ವಾದ ಇಷ್ಟು: ಸೋತ ಪಂದ್ಯಗಳನ್ನು ನಾವು ಬರೆದಿಡಬೇಕು, ಅಚ್ಚು ಹಾಕಿಸಬೇಕು. ಯಾಕೆ ಅಂತ ಹೇಳುತ್ತೇನೆ ಕೇಳಿ.

ಮೂರು ನಿಮಿಷದಲ್ಲಿ ಹೋದ ಪಟ್ಟ

2015ರ ಮೇ 31. ಕಂಠೀರವ ಕ್ರೀಡಾಂಗಣ. ಐ-ಲೀಗ್‌ನ ಕಡೇ ಪಂದ್ಯ, ಎದುರಿಗೆ ಕೋಲ್ಕತ್ತದ ಮೋಹನ್ ಬಗಾನ್. ಅವರಿಗೆ ಡ್ರಾ ಸಾಕು, ನಮಗೆ ಗೆಲ್ಲಲೇಬೇಕು. ತಂಡ ಹುಟ್ಟಿದ್ದು 2013ರಲ್ಲಿ. ಆಡಿದ ಮೊದಲ ವರ್ಷವೇ ಲೀಗ್ ಗೆದ್ದಿದ್ದ ತಂಡ, ಎರಡನೇ ವರ್ಷವೂ ಪಟ್ಟ ಉಳಿಸಿಕೊಳ್ಳುವ ಬಾಗಿಲಲ್ಲಿ ನಿಂತಿತ್ತು. ಮೊದಲರ್ಧ ಮುಗಿಯುವ ಮುಂಚೆ ಜಾನ್ ಜಾನ್ಸನ್ ಗೋಲು ಹೊಡೆದ. ಅಲ್ಲಿಂದ ಎಂಬತ್ತೇಳನೇ ನಿಮಿಷದವರೆಗೆ ಕಪ್ ನಮ್ಮದೇ ಆಗಿತ್ತು. ಆಗ ಬಂತು ಒಂದು ಕಾರ್ನರ್. ಬೆಲ್ಲೊ ರಜಾಕ್ ತಲೆ ಕೊಟ್ಟ. 1-1. ಮೋಹನ್ ಬಗಾನ್ 39 ಅಂಕ, ನಾವು 37. ಹದಿಮೂರು ವರ್ಷದಿಂದ ಕಾದಿದ್ದ ಅವರು ನಮ್ಮದೇ ಅಂಗಳದಲ್ಲಿ ಕುಣಿದರು.

ಲೆಕ್ಕದ ಪುಸ್ತಕದಲ್ಲಿ ಅದು ಸೋಲೂ ಅಲ್ಲ, ಡ್ರಾ. ಆದರೆ ಅವತ್ತು ಮೆಟ್ಟಿಲ ಮೇಲೆ ಕೂತಿದ್ದವನನ್ನು ಕೇಳಿ. ಅದಕ್ಕಿಂತ ದೊಡ್ಡ ಸೋಲು ಇನ್ನೊಂದಿಲ್ಲ ಅಂತಾನೆ.

ದೋಹಾದ ರಾತ್ರಿ

2016ರ ಅಕ್ಟೋಬರ್ 19ರಂದು ಇದೇ ಕಂಠೀರವದಲ್ಲಿ, ಹಿಂದಿನ ವರ್ಷದ ಚಾಂಪಿಯನ್ ಆಗಿದ್ದ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಬಡಿದು ನಮ್ಮವರು ಎಎಫ್‌ಸಿ ಕಪ್ ಫೈನಲ್‌ಗೆ ಹೋದರು. ಅಲ್ಲಿಯವರೆಗೆ ಭಾರತದ ಯಾವ ಕ್ಲಬ್ಬೂ ಆ ಫೈನಲ್ ಮುಟ್ಟಿರಲಿಲ್ಲ. ಕೋಲ್ಕತ್ತದ ನೂರು ವರ್ಷದ ಕ್ಲಬ್ಬುಗಳಿಗೆ ಆಗದ್ದನ್ನು ಮೂರು ವರ್ಷದ ನಮ್ಮ ಕೂಸು ಮಾಡಿತ್ತು.

ನವೆಂಬರ್ 5, ದೋಹಾ. ಗೋಲಿ ಅಮರಿಂದರ್ ಸಿಂಗ್‌ಗೆ ಹಳದಿ ಕಾರ್ಡುಗಳಿಂದಾಗಿ ನಿಷೇಧ, ಬದಲಿಗೆ ರಾಲ್ಟೆ ನಿಂತ. ಎಪ್ಪತ್ತನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಗೋಲು ಹೊಡೆದ. 1-0. ಅಷ್ಟೇ. ಆ ವರ್ಷ ಆ ಟೂರ್ನಿಯಲ್ಲಿ ಹದಿನಾರು ಗೋಲು ಹೊಡೆದವನ ಕಾಲಿಗೆ ಒಂದೇ ಒಂದು ಅವಕಾಶ ಸಿಕ್ಕರೆ ಸಾಕಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ನಮ್ಮನ್ನು ಸೋಲಿಸಿದ್ದು ಅಲ್ ಕುವಾ ಅಲ್ ಜವಿಯಾ, ಇರಾಕಿನ ವಾಯುಪಡೆಯ ತಂಡ. ಆ ಕಾಲದಲ್ಲಿ ಇರಾಕಿನ ಕ್ಲಬ್ಬುಗಳು ತಮ್ಮ ದೇಶದಲ್ಲೇ ಅಂತರರಾಷ್ಟ್ರೀಯ ತವರು ಪಂದ್ಯ ಆಡುವಂತಿರಲಿಲ್ಲ. ಹೊರದೇಶದ ಅಂಗಳವನ್ನು ತವರು ಅಂತ ಮಾಡಿಕೊಂಡು ಆಡುತ್ತಿದ್ದರು. ಸೋತ ರಾತ್ರಿ ನಾವಾದರೂ ನಮ್ಮ ಮನೆಗೆ ವಾಪಸ್ ಬಂದೆವು. ಕಪ್ ಎತ್ತಿದವರಿಗೆ ತಮ್ಮ ಊರ ಜನರ ಮುಂದೆ ಎತ್ತುವ ಭಾಗ್ಯ ಇರಲಿಲ್ಲ. ಸೋತವನು ಗೆದ್ದವನ ಮುಖವನ್ನೂ ಒಮ್ಮೆ ಓದಬೇಕು.

ಎಂಟು ಅಂಕ ಮುಂದೆ, ಒಂದು ಗೋಲು ಹಿಂದೆ

ನಿಮ್ಮಲ್ಲಿ ಬಹಳ ಜನಕ್ಕೆ ಇವತ್ತಿಗೂ ಆರದ ಗಾಯ 2018ರ ಮಾರ್ಚ್ 17. ಐಎಸ್‌ಎಲ್‌ಗೆ ಕಾಲಿಟ್ಟ ಮೊದಲ ವರ್ಷವೇ ಲೀಗ್ ಹಂತದಲ್ಲಿ 40 ಅಂಕ. ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32. ಹಳೇ ಪದ್ಧತಿಯಾಗಿದ್ದರೆ ಅಲ್ಲಿಗೇ ಕಪ್ ನಮ್ಮ ಕೈಗೆ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಆದರೆ ಈ ಲೀಗ್‌ನಲ್ಲಿ ಇಡೀ ವರ್ಷದ ದುಡಿಮೆಗೆ ಒಂದು ರಾತ್ರಿಯ ಪರೀಕ್ಷೆ ಬಾಕಿ ಇರುತ್ತಿತ್ತು. ಫೈನಲ್ ನಡೆದದ್ದೂ ಕಂಠೀರವದಲ್ಲೇ. ಒಂಬತ್ತನೇ ನಿಮಿಷಕ್ಕೆ ಉದಾಂತ ಕೊಟ್ಟ ಚೆಂಡಿಗೆ ಸುನಿಲ್ ಛೆಟ್ರಿ ಹಾರಿ ತಲೆ ಕೊಟ್ಟಾಗ ಸಂಪಂಗಿರಾಮನಗರದ ಮನೆಗಳ ಕಿಟಕಿ ಅಲುಗಾಡಿರಬೇಕು!

ಆಮೇಲೆ? ಮತ್ತೆ ಕಾರ್ನರ್. ಹದಿನೇಳನೇ ನಿಮಿಷ, ಮೈಲ್ಸನ್ ಆಲ್ವೆಸ್, ತಲೆ. ನಲವತ್ತೈದನೇ ನಿಮಿಷ, ಮತ್ತೆ ಕಾರ್ನರ್, ಮತ್ತೆ ಮೈಲ್ಸನ್, ಮತ್ತೆ ತಲೆ. ಅರವತ್ತೇಳಕ್ಕೆ ರಾಫೆಲ್ ಅಗಸ್ಟೊ. ಕಡೇ ಗಳಿಗೆಯಲ್ಲಿ ಮಿಕು ಒಂದು ವಾಪಸ್ ಕೊಟ್ಟರೂ 2-3. ನಮ್ಮ ಊರಲ್ಲಿ, ನಮ್ಮ ಜನರ ಮುಂದೆ ಚೆನ್ನೈ ತಂಡ ಕಪ್ ಎತ್ತಿತು.

ಈ ಸೋಲಿಗೆ ಕೆಲವರು ಕಾವೇರಿ ನೀರು ಬೆರೆಸಿದ್ದನ್ನು ನಾನೂ ಕೇಳಿದ್ದೇನೆ. ಈ ಪತ್ರಿಕೆ ಓದುವವರಿಗೆ ನೇರವಾಗಿ ಹೇಳಿಬಿಡುತ್ತೇನೆ. ಕಾವೇರಿಯ ಜಗಳಕ್ಕೆ ಅದರದ್ದೇ ಜಾಗ ಇದೆ. ಕೋರ್ಟಿದೆ, ಬೀದಿಯಿದೆ, ವಿಧಾನಸೌಧವಿದೆ. ಚೆನ್ನೈ ಹೊಡೆದ ಮೂರೂ ಗೋಲು ಬ್ರೆಜಿಲ್ ದೇಶದವರದ್ದು. ಆ ಮೈಲ್ಸನ್‌ಗೆ ಕಾವೇರಿ ಯಾವ ದಿಕ್ಕಿಗೆ ಹರಿಯುತ್ತೆ ಅನ್ನೋದೂ ಗೊತ್ತಿರಲಿಕ್ಕಿಲ್ಲ! ಅವನಿಗೆ ಗೊತ್ತಿದ್ದದ್ದು ಒಂದೇ: ನಮ್ಮವರು ಕಾರ್ನರ್‌ನಲ್ಲಿ ಅವನನ್ನು ಬಿಗಿಯಾಗಿ ಹಿಡಿದಿರಲಿಲ್ಲ. ಸೋಲನ್ನು ದ್ವೇಷ ಮಾಡಿಕೊಂಡರೆ ಕಾರಣ ಮರೆತುಹೋಗುತ್ತೆ. ಸೋಲನ್ನು ಬರೆದಿಟ್ಟುಕೊಂಡರೆ ಕಾರಣ ಕಣ್ಣೆದುರು ಇರುತ್ತೆ.

ಅದರ ಪ್ರತಿಫಲವೂ ನೋಡಿ. ಸರಿಯಾಗಿ ಒಂದು ವರ್ಷ, ದಿನ ಕೂಡ ತಪ್ಪಲಿಲ್ಲ. 2019ರ ಮಾರ್ಚ್ 17, ಮುಂಬಯಿ, ಗೋವಾ ವಿರುದ್ಧ ಫೈನಲ್. ಹೆಚ್ಚುವರಿ ಸಮಯ ಮುಗಿಯೋಕೆ ಕೆಲವೇ ನಿಮಿಷ. ನಮಗೆ ಕಾರ್ನರ್. ರಾಹುಲ್ ಭೇಕೆ ತಲೆ ಕೊಟ್ಟ. 1-0. ಯಾವ ಕಾರ್ನರ್ ನಮ್ಮ ಎದೆ ಒಡೆದಿತ್ತೋ ಅದೇ ಕಾರ್ನರ್ ನಮಗೆ ಕಪ್ ಕೊಟ್ಟಿತು. 2015ನ್ನೂ 2018ನ್ನೂ ನೆನಪಿಟ್ಟುಕೊಂಡವನಿಗೆ ಮಾತ್ರ ಆ ಗೋಲಿನ ಪೂರ್ತಿ ರುಚಿ. ಉಳಿದವರಿಗೆ ಅದು ಬರೀ ಒಂದು ಗೋಲು.

ಮತ್ತೆ ಅದೇ ಮೋಹನ್ ಬಗಾನ್

2023ರ ಮಾರ್ಚ್ 18, ಗೋವಾದ ಫತೋರ್ಡಾ. ವರ್ಷದ ನಡುವೆ ಪಟ್ಟಿಯ ಕೆಳಗೆ ಬಿದ್ದಿದ್ದ ತಂಡ ಸಾಲುಸಾಲಾಗಿ ಗೆದ್ದು ಮೇಲೆದ್ದು ಫೈನಲ್‌ಗೆ ಬಂದಿತ್ತು. ಎಪ್ಪತ್ತೆಂಟನೇ ನಿಮಿಷದಲ್ಲಿ ರಾಯ್ ಕೃಷ್ಣ ಹೊಡೆದಾಗ 2-1 ಮುಂದೆ. ಎಂಬತ್ತೈದಕ್ಕೆ ಪೆನಾಲ್ಟಿ, ಪೆಟ್ರಾಟೋಸ್, 2-2. ಕಡೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ 4-3. ಬ್ರೂನೋ ಒದ್ದದ್ದನ್ನು ವಿಶಾಲ್ ಕೈತ್ ತಡೆದ, ಪಾಬ್ಲೋ ಒದ್ದದ್ದು ಕಂಬದ ಮೇಲೆ ಹೋಯಿತು. ಐದು ವಾರ ಕಳೆದ ಮೇಲೆ ಕೋಳಿಕ್ಕೋಡಿನಲ್ಲಿ ಸೂಪರ್ ಕಪ್ ಫೈನಲ್, ಒಡಿಶಾ ಎದುರು 1-2. 2024ರ ಆಗಸ್ಟ್‌ನಲ್ಲಿ ಡ್ಯುರಾಂಡ್ ಕಪ್ ಸೆಮಿಫೈನಲ್, ಎರಡು ಗೋಲು ಮುಂದಿದ್ದು ಮತ್ತೆ ಮೋಹನ್ ಬಗಾನ್‌ಗೆ ಪೆನಾಲ್ಟಿಯಲ್ಲಿ ಸೋಲು. 2025ರ ಏಪ್ರಿಲ್ 12, ಕೋಲ್ಕತ್ತದ ಸಾಲ್ಟ್ ಲೇಕ್, ಐಎಸ್‌ಎಲ್ ಫೈನಲ್. ಅವರ ಆಟಗಾರನೇ ತನ್ನ ಗೂಡಿಗೆ ಚೆಂಡು ಹೊಡೆದುಕೊಟ್ಟು ನಮ್ಮನ್ನು ಮುಂದೆ ಮಾಡಿದ. ಆದರೂ ಉಳಿಸಿಕೊಳ್ಳಲಿಲ್ಲ. ಎಪ್ಪತ್ತೆರಡಕ್ಕೆ ಪೆನಾಲ್ಟಿ, ಹೆಚ್ಚುವರಿ ಸಮಯದಲ್ಲಿ ಮ್ಯಾಕ್ಲಾರೆನ್ ಗೋಲು, 1-2. ನಲವತ್ತು ದಾಟಿದ ಛೆಟ್ರಿ ತಲೆ ತಗ್ಗಿಸಿ ನಿಂತದ್ದನ್ನು ನೋಡಿದವರು ಯಾರೂ ಮರೆಯೋದಿಲ್ಲ.

ನಾಲ್ಕು ಸಲವೂ ಅದೇ ಎದುರಾಳಿ, ನಾಲ್ಕು ಸಲವೂ ನಾವೇ ಮುಂದಿದ್ದು ಕಳೆದುಕೊಂಡದ್ದು. ಇದಕ್ಕೆ ಹಣೆಬರಹ ಅಂತ ಹೆಸರಿಟ್ಟು ಕೈತೊಳೆದುಕೊಳ್ಳುವುದು ಸುಲಭ. ಸಾಲಾಗಿ ಬರೆದು ಎದುರಿಗಿಟ್ಟುಕೊಂಡರೆ ಹಣೆಬರಹವಲ್ಲ, ಖಾಯಿಲೆ ಕಾಣಿಸುತ್ತೆ. ಮುನ್ನಡೆ ಸಿಕ್ಕ ಮೇಲೆ ಹಿಂದಕ್ಕೆ ಸರಿದು ಕೂರುವ ಖಾಯಿಲೆ. ತಂಡ ನಡೆಸುವವರನ್ನು ಪ್ರಶ್ನೆ ಕೇಳುವ ಹಕ್ಕು ಯಾರಿಗಿದೆ? ಈ ಸಾಲನ್ನು ಬಾಯಿಪಾಠ ಮಾಡಿಕೊಂಡವನಿಗೆ ಇದೆ. ಪೆನಾಲ್ಟಿ ತಪ್ಪಿದ ಹುಡುಗನ ಅಮ್ಮ-ಅಕ್ಕನನ್ನು ಬಯ್ಯುವವನಿಗೆ ಇಲ್ಲ.

ನೀವು ಅಳದ ಸೋಲುಗಳು

ಈಗ ಸ್ವಲ್ಪ ಕಹಿ ಮಾತು. ನೀಲಿ ಜೆರ್ಸಿಯ ಸೋಲು ನಿಮಗೆ ಬಾಯಿಪಾಠ. ಆದರೆ ನಮ್ಮ ರಾಜ್ಯ ತಂಡದ ಸೋಲು?

2022ರ ಏಪ್ರಿಲ್ 28, ಕೇರಳದ ಮಂಜೇರಿ. ಸಂತೋಷ್ ಟ್ರೋಫಿ ಸೆಮಿಫೈನಲ್. ಮೊದಲ ಗೋಲು ಕರ್ನಾಟಕದ್ದೇ. ಬದಲಿಯಾಗಿ ಇಳಿದ ಜೆಸಿನ್ ಎಂಬ ಹುಡುಗ ಒಬ್ಬನೇ ಐದು ಗೋಲು ಹೊಡೆದ. 3-7! ಇಡೀ ದೇಶದ ಮುಂದೆ ಮಾನ ಹೋಯಿತು. ಆ ರಾತ್ರಿ ನಿಮ್ಮಲ್ಲಿ ಎಷ್ಟು ಜನ ನಿದ್ದೆ ಬಿಟ್ಟಿರಿ? ಮುಂದಿನ ಸಲ, 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ಐವತ್ತನಾಲ್ಕು ವರ್ಷ ಆದ ಮೇಲೆ! ಅದಕ್ಕೆ ಮುಂಚೆ ಗೆದ್ದಾಗ ರಾಜ್ಯದ ಹೆಸರು ಇನ್ನೂ ಮೈಸೂರು. ಫತೋರ್ಡಾ ಸೋಲಿಗೆ ಎರಡು ವಾರ ಮುಂಚೆ ನಡೆದ ಗೆಲುವು ಇದು. ಸೋಲಿನ ಹೊತ್ತಿನಲ್ಲಿ ಜೊತೆಗೆ ಅಳದವನಿಗೆ ಆ ಗೆಲುವು ಎದೆಗೆ ತಟ್ಟಲಿಲ್ಲ, ಅಷ್ಟೇ ಕಥೆ.

ಇನ್ನೂ ಹಿಂದಕ್ಕೆ ಹೋಗಿ. 1948ರ ಜುಲೈ 31, ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತ ಫ್ರಾನ್ಸ್ ಎದುರು ಆಡಿತು, ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ. ಎರಡು ಪೆನಾಲ್ಟಿ ಕೈತಪ್ಪಿದವು. ಭಾರತದ ಒಂದೇ ಗೋಲು ಹೊಡೆದವರು ಮೈಸೂರು ಸಂಸ್ಥಾನದ ಆಟಗಾರ ಸಾರಂಗಪಾಣಿ ರಾಮನ್. ಎಂಬತ್ತೊಂಬತ್ತನೇ ನಿಮಿಷದಲ್ಲಿ ಫ್ರಾನ್ಸ್ ಗೋಲು ಹೊಡೆದು 2-1ರಿಂದ ಗೆದ್ದಿತು. 1956ರ ಮೆಲ್ಬರ್ನ್‌ನಲ್ಲಿ ಭಾರತ ಸೆಮಿಫೈನಲ್‌ವರೆಗೆ ಹೋಗಿ, ಯುಗೊಸ್ಲಾವಿಯಾ ಎದುರು ಮೊದಲ ಗೋಲು ಹೊಡೆದೂ 1-4ರಿಂದ ಸೋತು, ಕಂಚಿನ ಪಂದ್ಯವನ್ನೂ ಬಲ್ಗೇರಿಯಾಕ್ಕೆ ಬಿಟ್ಟು ನಾಲ್ಕನೇ ಸ್ಥಾನಕ್ಕೆ ನಿಂತಿತು. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಕೆಂಪಯ್ಯ ಇದ್ದರು. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಗೌತಮಪುರದ ಗಲ್ಲಿಯಲ್ಲಿ, ಆಸ್ಟಿನ್ ಟೌನ್‌ನಲ್ಲಿ ಹಿರಿಯರನ್ನು ಕೇಳಿದರೆ ಈ ಹೆಸರುಗಳು ಇನ್ನೂ ಸಿಗುತ್ತವೆ. ಎಷ್ಟು ದಿನ ಸಿಗುತ್ತವೆ? ಬಾಯಿಂದ ಬಾಯಿಗೆ ಬಂದದ್ದು ಬಾಯಿ ಮುಚ್ಚಿದ ದಿನ ಮುಗಿಯುತ್ತೆ. ಕಾಗದದ ಮೇಲೆ ಬಿದ್ದದ್ದು ಮಾತ್ರ ಉಳಿಯುತ್ತೆ.

ಸೋಲೋಕೂ ಒಂದು ಪಂದ್ಯ ಬೇಕು

2025ರಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. ದೇಶದ ಫುಟ್‌ಬಾಲ್ ಒಕ್ಕೂಟಕ್ಕೂ ಲೀಗ್ ನಡೆಸುವ ಕಂಪನಿಗೂ ಇದ್ದ ಒಪ್ಪಂದ ಮುಗಿಯುತ್ತಾ ಬಂತು, ಹೊಸದು ಆಗಲಿಲ್ಲ, ಲೀಗ್ ನಡೆಯುತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಏಪ್ರಿಲ್‌ನಲ್ಲಿ ಫೈನಲ್ ಆಡಿದ ತಂಡ! ನಾವು ಎಣಿಸಿಕೊಂಡು ಕೂತಿದ್ದ ಎಲ್ಲಾ ಸೋಲಿಗಿಂತ ಅದು ದೊಡ್ಡದಾಗಿತ್ತು. ಅಲ್ಲಿ ಎದುರಾಳಿ ಇಲ್ಲ, ಚೆಂಡಿಲ್ಲ, ಸೀಟಿ ಇಲ್ಲ. ಎದೆ ಒಡೆಯೋಕೂ ಒಂದು ತಂಡ ಬೇಕಲ್ಲವೇ?

ತಂಡಗಳು ಮೇಜಿನ ಮುಂದೆ ಸಾಯುವ ಕಾಲ ಇದು. ಅವು ಉಳಿಯಬೇಕಾದರೆ ಕಪ್ ಬಂದ ದಿನ ಬರುವ ಜನ ಸಾಕಾಗೋದಿಲ್ಲ. ಸೋತ ಮರುವಾರವೂ ಟಿಕೆಟ್ ಕೊಳ್ಳುವ ಜನ ಬೇಕು. ಈ ಊರು ಯಾರದ್ದೂ ಅಲ್ಲ ಅಂತ ಹೊರಗಿನವರು ಸುಲಭವಾಗಿ ಅಂದುಬಿಡುತ್ತಾರೆ. ಅವರಿಗೆ 2015ರ ಆ ಎಂಬತ್ತೇಳನೇ ನಿಮಿಷ ತೋರಿಸಿ. ಕನ್ನಡದವನು, ತಮಿಳಿನವನು, ಉರ್ದು ಮಾತಾಡುವವನು, ಮಿಜೋರಾಂನಿಂದ ಓದೋಕೆ ಬಂದವನು ಒಂದೇ ಹೆಸರಿಗೆ ಬಾಯಿ ಕಟ್ಟಿ ಕೂತದ್ದನ್ನು ತೋರಿಸಿ. ಆ ಹೆಸರು ಬೆಂಗಳೂರು. ನಮ್ಮ ಊರಿನ ಹೆಸರಿಗಾಗಿ ಕಣ್ಣೀರು ಹಾಕಿದವನು ಈ ಊರಿನವನಾಗುವ ದಾರಿಯಲ್ಲಿ ಅರ್ಧ ಬಂದಿದ್ದಾನೆ. ಉಳಿದರ್ಧ ದಾರಿಗೆ ಕನ್ನಡ ಕಲಿಸಿ ಕರೆದುಕೊಂಡು ಬರುವುದು ಪಕ್ಕದಲ್ಲಿ ಕೂತ ನಿಮ್ಮ ಕೆಲಸ.

ಮಾಡಬೇಕಾದ್ದು ಇಷ್ಟೇ. ನೀವು ಕಣ್ಣಾರೆ ಕಂಡ ಒಂದು ಸೋಲನ್ನು ಒಂದು ಪುಟ ಬರೆಯಿರಿ. ಕನ್ನಡದಲ್ಲಿ ಬರೆಯಿರಿ. ಯಾವ ಸ್ಟ್ಯಾಂಡು, ಯಾರ ಜೊತೆ, ಎಷ್ಟನೇ ನಿಮಿಷ, ಮನೆಗೆ ಹೇಗೆ ಹೋದಿರಿ, ಅಷ್ಟು ಸಾಕು. ನಿಮ್ಮ ಗಲ್ಲಿಯ ಹಳೇ ಆಟಗಾರರು ಬದುಕಿದ್ದರೆ ಅವರು ಹೇಳಿದ್ದನ್ನೂ ಬರೆದುಕೊಳ್ಳಿ. ಹದಿನಾರು ಜನ ಹದಿನಾರು ಪುಟ ಕೊಟ್ಟರೆ ಒಂದು ಫಾರಂ ಪುಸ್ತಕ ಆಯಿತು. ಕಾಗದದ ಕಾಸು ನೀವು ಕೊಡಿ, ಅಚ್ಚಿನ ಕೂಲಿ ನನಗೆ ಬೇಡ. ಆಮೇಲೆ ಬಿಡುವಿದ್ದ ಒಂದು ಸಂಜೆ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಹೋಗಿ. ಬೆಂಗಳೂರಿನ ಲೀಗ್‌ನಲ್ಲಿ ನಮ್ಮ ಹುಡುಗರು ಖಾಲಿ ಮೆಟ್ಟಿಲುಗಳ ಮುಂದೆ ಆಡುತ್ತಾರೆ. ಅವರು ಸೋತಾಗಲೂ ನೋಡಿದವರು ಅಂತ ಒಬ್ಬರಾದರೂ ಇರಲಿ.