ಬಾಲಕ್ಕೆ ಹತ್ತು ಡಾಲರ್, ಹುಲ್ಲಿಗೆಷ್ಟು?

ಅಮೆರಿಕದ ಸೌತ್ ಡಕೋಟ ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ಕೊಂಚ ದೊಡ್ಡ ರಾಜ್ಯ. 1943ರಿಂದ ಅದರ ರಾಜ್ಯಪಕ್ಷಿ ಫೆಸೆಂಟ್. ನಮ್ಮ ನವಿಲು, ಕಾಡುಕೋಳಿ, ಗೌಜಲಹಕ್ಕಿಗಳ ಕುಟುಂಬಕ್ಕೇ ಸೇರಿದ, ನೆಲದ ಮೇಲೆ ಗೂಡು ಮಾಡುವ ಹಕ್ಕಿ ಇದು. 2007ರಲ್ಲಿ ಅಲ್ಲಿ ಇದರ ಸಂಖ್ಯೆ ಒಂದು ಕೋಟಿ ದಾಟಿತ್ತು. ಆ ವರ್ಷದ ಸಮೀಕ್ಷೆಯಲ್ಲಿ ಮೈಲಿಗೆ 7.85 ಹಕ್ಕಿ ಕಂಡಿದ್ದವು. 2013ರಲ್ಲಿ ಕಂಡದ್ದು 1.52. ಆರೇ ವರ್ಷದಲ್ಲಿ ಐದರಲ್ಲಿ ನಾಲ್ಕು ಪಾಲು ಮಾಯ.

ಹೋದದ್ದು ಹುಲ್ಲು, ಆದ್ದರಿಂದ ಹಕ್ಕಿಯೂ ಹೋಯಿತು ಎನ್ನುವುದು ನನ್ನ ವಾದ. 1985ರ ಕೃಷಿ ಕಾಯ್ದೆ ಒಂದು ಯೋಜನೆ ತಂದಿತ್ತು. ಸವಕಳಿಯ ಜಮೀನನ್ನು ರೈತ ಹತ್ತರಿಂದ ಹದಿನೈದು ವರ್ಷ ಹುಲ್ಲಿಗೆ ಬಿಡಬೇಕು, ಸರ್ಕಾರ ಅದಕ್ಕೆ ವರ್ಷವರ್ಷ ಬಾಡಿಗೆ ಕೊಡಬೇಕು. ಸೌತ್ ಡಕೋಟದಲ್ಲಿ 2007ರ ಹೊತ್ತಿಗೆ ಹೀಗೆ ಬಿಟ್ಟ ಜಮೀನು 15 ಲಕ್ಷ ಎಕರೆ ಮುಟ್ಟಿತ್ತು. 2013ಕ್ಕೆ ಅದು 10 ಲಕ್ಷದ ಆಸುಪಾಸಿಗೆ ಇಳಿದಿತ್ತು. ನನ್ನ ವಾದವನ್ನು ಒಪ್ಪದವರು ಇದ್ದಾರೆ, ಅಧಿಕಾರದಲ್ಲೂ ಇದ್ದಾರೆ. ಅವರ ಮಾತುಗಳನ್ನು ತೂಗೋಣ. ತಕ್ಕಡಿ ಓದುಗರ ಕೈಯಲ್ಲೇ ಇರಲಿ.

ಅವರ ಮೊದಲ ಹಾಗೂ ಅಚ್ಚುಮೆಚ್ಚಿನ ವಾದ: ಮೊಟ್ಟೆ ತಿನ್ನುವ ಪ್ರಾಣಿಗಳೇ ಅಪರಾಧಿಗಳು, ಅವನ್ನು ಕೊಂದರೆ ಹಕ್ಕಿ ತಾನಾಗಿ ಹೆಚ್ಚುತ್ತದೆ. ಇದನ್ನು ನಂಬಿ ಆಗಿನ ಗವರ್ನರ್ ಕ್ರಿಸ್ಟಿ ನೋಮ್ 2019ರಲ್ಲಿ ಬಹುಮಾನ ಘೋಷಿಸಿದರು. ರಕೂನ್, ಸ್ಕಂಕ್, ಬ್ಯಾಡ್ಜರ್, ಒಪೋಸಮ್, ಕೆಂಪು ನರಿ, ಯಾವುದಾದರೂ ಸರಿ, ಬಾಲಕ್ಕೆ ಹತ್ತು ಡಾಲರ್. ಮೊದಲ ವರ್ಷವೇ 54 ಸಾವಿರಕ್ಕೂ ಹೆಚ್ಚು ಬಾಲ ಬಂದು ಬಿದ್ದವು. ದೊಡ್ಡ ಸಂಖ್ಯೆಯೇ, ಭಾಗಿಸಿ ನೋಡುವ ತನಕ. ರಾಜ್ಯದ ವಿಸ್ತೀರ್ಣ ಸುಮಾರು ಎರಡು ಲಕ್ಷ ಚದರ ಕಿಲೋಮೀಟರ್. ಅಂದರೆ ಹೆಚ್ಚುಕಡಿಮೆ ನಾಲ್ಕು ಚದರ ಕಿಲೋಮೀಟರಿಗೆ ಒಂದು ಬಾಲ! ರಕೂನ್ ಒಂದು ಸೂಲಿಗೆ ಮೂರು ನಾಲ್ಕು ಮರಿ ಹಾಕುತ್ತದೆ; ಖಾಲಿಯಾದ ಜಾಗಕ್ಕೆ ಪಕ್ಕದ ಹೊಲದಿಂದ ಇನ್ನೊಂದು ಬರುತ್ತದೆ. ಸಣ್ಣ ಪ್ರದೇಶವೊಂದನ್ನು ಆರಿಸಿಕೊಂಡು, ಗೂಡಿನ ಕಾಲದುದ್ದಕ್ಕೂ ಪಳಗಿದವರು ಬಿಡದೆ ಬೋನು ಇಟ್ಟರೆ ಗೂಡುಗಳು ಉಳಿಯುತ್ತವೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಡೀ ರಾಜ್ಯದಲ್ಲಿ ಯಾರು ಎಲ್ಲಿ ಹಿಡಿದರೂ ಹಣ ಎನ್ನುವುದು ಆ ಕೆಲಸವಲ್ಲ. ಹಿತ್ತಿಲ ಕಸದ ಡಬ್ಬಿಯ ಬಳಿ ಸಿಕ್ಕ ರಕೂನಿಗೂ ಹತ್ತು ಡಾಲರೇ.

ಕೊಲ್ಲುವವರ ಲೆಕ್ಕದಲ್ಲಿ ಇನ್ನೊಂದು ಎಡವಟ್ಟಿದೆ. ಕಯೋಟಿ, ಅಂದರೆ ಅಲ್ಲಿನ ತೋಳದ ತಮ್ಮ, ಕೆಂಪು ನರಿಯನ್ನು ತನ್ನ ಸರಹದ್ದಿನಿಂದ ಓಡಿಸುತ್ತದೆ. ಸೌತ್ ಮತ್ತು ನಾರ್ತ್ ಡಕೋಟಗಳಲ್ಲಿ ಬಾತುಗಳ ಮೇಲೆ ನಡೆದ, 1995ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಕಯೋಟಿ ಇರುವಲ್ಲಿ ಶೇಕಡಾ 32 ಗೂಡುಗಳಲ್ಲಿ ಮರಿಯಾದರೆ, ನರಿ ಇರುವಲ್ಲಿ ಶೇಕಡಾ 17 ಮಾತ್ರ. ಬೇಟೆಯಾಡುವ ಪ್ರಾಣಿಯಿಂದಲೇ ಗೂಡು ಉಳಿಯುವ ಸಂದರ್ಭವೂ ಉಂಟು ಎಂದಾಯಿತು. ಇನ್ನು ರಕೂನ್ ಫೆಸೆಂಟಿನ ಗೂಡನ್ನು ಇಷ್ಟು ಸಲೀಸಾಗಿ ಹುಡುಕುವುದಾದರೂ ಹೇಗೆ? ನೂರಾರು ಎಕರೆ ಹುಲ್ಲಿನಲ್ಲಿ ಅದು ಅಲೆದಲೆದು ಹುಡುಕಬೇಕು. ಎಲ್ಲವನ್ನೂ ಉತ್ತು, ರಸ್ತೆ ಪಕ್ಕದ ಚರಂಡಿಯ ಅಂಚಿನಲ್ಲಷ್ಟೇ ಹುಲ್ಲು ಉಳಿಸಿದರೆ, ಅದೇ ಅಂಚು ಹಿಡಿದು ನಡೆದರೆ ಸಾಕು. ಗೂಡನ್ನೆಲ್ಲ ಸಾಲಾಗಿ ಜೋಡಿಸಿಕೊಟ್ಟವರು ನಾವು, ಶಿಕ್ಷೆ ರಕೂನಿಗೆ.

ಎರಡನೆಯ ವಾದ: ಹ್ಯಾಚರಿಯಲ್ಲಿ ಸಾಕಿ ಬಿಡುಗಡೆ ಮಾಡಿದರಾಯಿತು, ನೆಲದ ಗೊಡವೆ ಏಕೆ? ಇದಕ್ಕೆ ಉತ್ತರ ಬ್ರಿಟನ್ನಿನಲ್ಲಿದೆ. ಬೇಟೆಗೆಂದು ಅಲ್ಲಿ ಪ್ರತಿವರ್ಷ ಕೋಟಿಗಟ್ಟಲೆ ಸಾಕಿದ ಫೆಸೆಂಟುಗಳನ್ನು ಬಿಡುತ್ತಾರೆ. ಮರುವರ್ಷ ಮತ್ತೆ ಬಿಡುತ್ತಾರೆ. ಬಿಟ್ಟದ್ದು ಬದುಕಿ ಸಾಕಷ್ಟು ಮರಿ ಮಾಡಿದ್ದರೆ ಮತ್ತೆ ಬಿಡುವ ಅಗತ್ಯವೇನಿತ್ತು? ತಂತಿಬಲೆಯೊಳಗೆ ಕಾಳು ತಿಂದು ಬೆಳೆದ ಹಕ್ಕಿಗೆ ಗಿಡುಗ ಕಂಡರೆ ಅಡಗಬೇಕೆಂದು ಕಲಿಸಿದ ತಾಯಿ ಇಲ್ಲ. ಬಿಟ್ಟ ಕೆಲವೇ ತಿಂಗಳುಗಳಲ್ಲಿ ಅವುಗಳಲ್ಲಿ ಬಹುಪಾಲು ಸಾಯುತ್ತವೆ. ತಮಾಷೆಯೆಂದರೆ, ಬೇಟೆಯಾಡುವ ಪ್ರಾಣಿಗಳು ವಿಪರೀತವಾಗಿವೆ ಎನ್ನುವವರಲ್ಲೇ ಹಲವರು ಅವುಗಳ ಬಾಯಿಗೆ ಈ ಪೆದ್ದು ಹಕ್ಕಿಗಳನ್ನು ಹಾಕಲು ಹೊರಟಿರುವುದು.

ಹವಾಮಾನವೇ ಕಾರಣ, ಮನುಷ್ಯರೇನು ಮಾಡಲಾದೀತು ಎನ್ನುವ ನಿಟ್ಟುಸಿರು ಮೂರನೆಯದು. 2012ರಲ್ಲಿ ಭೀಕರ ಬರ ಬಂತು, 2013ರ ವಸಂತ ಚಳಿಮಳೆಯದಾಗಿತ್ತು, ಎರಡೂ ನಿಜ. ಹಿಮಗಾಳಿಗೂ ಮಳೆಗೂ ಹಕ್ಕಿ ಸಾಯುತ್ತದೆ ಎಂದಾದರೆ, ಹಿಮಗಾಳಿ ತಡೆಯುವ ಜೊಂಡಿನ ಜೌಗು, ಗಿಡಸಾಲು, ದಟ್ಟ ಹುಲ್ಲು ಬೇಡವೆಂದು ಅರ್ಥವೇ, ಬೇಕೆಂದು ಅರ್ಥವೇ? ಹೆಣ್ಣು ಫೆಸೆಂಟ್ ಮೊದಲ ಗೂಡು ಹಾಳಾದರೆ ಇನ್ನೊಮ್ಮೆ ಗೂಡು ಕಟ್ಟುತ್ತದೆ. ಕಾವು 23 ದಿನ. ಕೆಟ್ಟ ವರ್ಷದಿಂದ ಚೇತರಿಸಿಕೊಳ್ಳುವ ಗುಣ ಹಕ್ಕಿಯಲ್ಲೇ ಇದೆ. ಅದಕ್ಕೆ ಬೇಕಾದದ್ದು ಜೂನಿನಲ್ಲಿ ಮೇವು ಕೊಯ್ಯುವ ಯಂತ್ರ ಬಂದು ತಾಯಿಯನ್ನೂ ಮೊಟ್ಟೆಯನ್ನೂ ಒಟ್ಟಿಗೆ ಕತ್ತರಿಸದ ಒಂದಿಷ್ಟು ಜಾಗ. ಮಳೆ ನಮ್ಮ ಕೈಯಲ್ಲಿಲ್ಲ, ಒಪ್ಪಿದೆ. ನೇಗಿಲು ಯಾರ ಕೈಯಲ್ಲಿದೆ?

ಚಳಿಗಾಲದಲ್ಲಿ ಕಾಳು ಚೆಲ್ಲಿ ಎನ್ನುವ ದಯಾಳುಗಳಿಗೆ ಹೆಚ್ಚು ಹೇಳಬೇಕಾಗಿಲ್ಲ. ಮೆಕ್ಕೆಜೋಳದ ನಾಡಿನಲ್ಲಿ ಫೆಸೆಂಟ್ ಹಸಿವಿನಿಂದ ಸಾಯುವುದು ಅಪರೂಪ. ಮರಿಗಳಿಗಂತೂ ಮೊದಲ ವಾರಗಳಲ್ಲಿ ಕಾಳು ಬೇಕಿಲ್ಲ, ಹುಳ ಬೇಕು. ಹುಳ ಇರುವುದು ಹೂಬಿಡುವ ಸಸ್ಯಗಳು ಬೆರೆತ ಹುಲ್ಲಿನಲ್ಲಿ. ಕಳೆನಾಶಕ ಸಿಂಪಡಿಸಿದ ಹೊಲದಲ್ಲಲ್ಲ.

ನಾಲ್ಕನೆಯವರು ಶುದ್ಧತಾವಾದಿಗಳು. ಫೆಸೆಂಟ್ ಏಷ್ಯಾದಿಂದ ತಂದ ಹಕ್ಕಿ, ಪರದೇಶಿಗೆ ಯಾಕಿಷ್ಟು ಉಪಚಾರ ಎಂಬುದು ಅವರ ಪ್ರಶ್ನೆ. ತಂದದ್ದು ನಿಜ: ಶಾಂಘೈಯಲ್ಲಿ ಅಮೆರಿಕದ ಕಾನ್ಸಲ್ ಆಗಿದ್ದ ಓವನ್ ಡೆನ್ನಿ 1880ರ ದಶಕದ ಆರಂಭದಲ್ಲಿ ಆರಿಗನ್‌ಗೆ ಕಳಿಸಿದ. ಅದೇ ಚೀನಾದಿಂದ ಬಂದ ಸೋಯಾಬೀನಿನ ಪಾಸ್‌ಪೋರ್ಟನ್ನು ಮಾತ್ರ ಇವರಾರೂ ಕೇಳುವುದಿಲ್ಲ. ಹುಲ್ಲುಗಾವಲು ಉತ್ತು ಬಿತ್ತುವುದು ಅದನ್ನೇ. ಇವರ ಮಾತಿನಲ್ಲಿ ಒಂದು ತುಣುಕು ಸತ್ಯವಿದೆ. ಇಲಿನಾಯ್‌ನಲ್ಲಿ ಅಳಿವಿನಂಚಿಗೆ ಬಂದ ಪ್ರೇರಿ ಕೋಳಿಗಳ ಗೂಡಿನಲ್ಲಿ ಫೆಸೆಂಟ್ ಮೊಟ್ಟೆಯಿಟ್ಟು ತೊಂದರೆ ಕೊಟ್ಟದ್ದುಂಟು. ಅಂಥ ಜಾಗದಲ್ಲಿ ಫೆಸೆಂಟನ್ನು ತೆಗೆಯಲಿ, ನನ್ನ ಆಕ್ಷೇಪವಿಲ್ಲ. ಆದರೆ ಹುಲ್ಲು ಬರೀ ಫೆಸೆಂಟಿನದಲ್ಲ. ಬಾತು, ಬಾಬಲಿಂಕ್, ಮೆಡೋಲಾರ್ಕ್ ಎಲ್ಲವೂ ಅಲ್ಲೇ ಗೂಡು ಮಾಡುತ್ತವೆ. ಪರದೇಶಿ ಹಕ್ಕಿಯ ಹೆಸರಿನಲ್ಲಿ ಉಳಿದ ಹುಲ್ಲು ಸ್ವದೇಶಿಗೆ ಕಹಿಯಾಗುವುದಿಲ್ಲ.

ಕೊನೆಗೆ ಎಲ್ಲರೂ ಆತುಕೊಳ್ಳುವ ವಾದ: ರೈತ ಹೊಟ್ಟೆಗೆ ಏನು ಮಾಡಬೇಕು, ಜಗತ್ತಿಗೆ ಅನ್ನ ಬೇಡವೇ? ಗಂಭೀರ ಪ್ರಶ್ನೆ, ಗಂಭೀರವಾಗಿಯೇ ಉತ್ತರಿಸುತ್ತೇನೆ. ಅಮೆರಿಕ ಬೆಳೆಯುವ ಮೆಕ್ಕೆಜೋಳದಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಎಥನಾಲ್ ಆಗುತ್ತದೆ. 2007ರ ಇಂಧನ ಕಾಯ್ದೆ ಅದಕ್ಕೆ ಭಾರೀ ಗುರಿ ನಿಗದಿ ಮಾಡಿತು, ಜೋಳದ ಬೆಲೆ ಏರಿತು, ಬಾಡಿಗೆಯ ಹುಲ್ಲು ನೇಗಿಲಿಗೆ ಸಿಕ್ಕಿತು. 2006ರಿಂದ 2011ರ ನಡುವೆ ಡಕೋಟಗಳೂ ಸೇರಿ ಐದು ರಾಜ್ಯಗಳಲ್ಲಿ ನಿವ್ವಳ ಸುಮಾರು 13 ಲಕ್ಷ ಎಕರೆ ಹುಲ್ಲುಗಾವಲು ಬೆಳೆಜಮೀನಾಯಿತು. ಅನ್ನದ ಮಾತಾಡುವವರು ಆ ಜೋಳದಲ್ಲಿ ಕಾರಿನ ಟ್ಯಾಂಕಿಗೆ ಹೋದದ್ದೆಷ್ಟು ಎಂದು ಮೊದಲು ಹೇಳಲಿ. ಇನ್ನು ರೈತನ ಮಾತು. ಒಳ್ಳೆಯ ನೆಲವನ್ನು ಬಿಡು ಎಂದು ಯಾರೂ ಕೇಳಿಲ್ಲ. ಉಪ್ಪೆದ್ದ ಮೂಲೆ, ನೀರು ನಿಲ್ಲುವ ತಗ್ಗು, ಜೌಗಿನ ಅಂಚು, ಬಿತ್ತಿದ ಖರ್ಚೂ ಹುಟ್ಟದ ತುಂಡುಗಳು: ಇವನ್ನು ಹುಲ್ಲಿಗೆ ಬಿಟ್ಟರೆ ಬಾಡಿಗೆ ಬರುತ್ತದೆ, ನಷ್ಟ ನಿಲ್ಲುತ್ತದೆ. ಅವನ್ನೂ ಉಳುವ ಹಾಗೆ ಮಾಡಿದ್ದರಲ್ಲಿ ಸರ್ಕಾರದ್ದೇ ಸಬ್ಸಿಡಿಯ ಬೆಳೆವಿಮೆಯ ಪಾಲಿದೆ. ಇದು ಸರ್ಕಾರಕ್ಕೂ ಹೊಳೆದದ್ದರಿಂದಲೇ 2014ರ ಕೃಷಿ ಕಾಯ್ದೆ, ಸೌತ್ ಡಕೋಟ ಸೇರಿ ಆರು ರಾಜ್ಯಗಳಲ್ಲಿ ಹೊಸದಾಗಿ ಹುಲ್ಲು ಒಡೆದ ನೆಲಕ್ಕೆ ಮೊದಲ ನಾಲ್ಕು ವರ್ಷ ಆ ಸಬ್ಸಿಡಿ ಕಡಿತ ಮಾಡಿತು. ಅದೇ ಕಾಯ್ದೆ ಇನ್ನೊಂದು ಕೈಯಿಂದ ಹುಲ್ಲಿನ ಯೋಜನೆಯ ಮಿತಿಯನ್ನು ದೇಶಕ್ಕೆಲ್ಲ 2.4 ಕೋಟಿ ಎಕರೆಗೆ ಇಳಿಸಿತು. 2007ರಲ್ಲಿ ಆ ಯೋಜನೆಯಡಿ 3.68 ಕೋಟಿ ಎಕರೆ ಇತ್ತು.

ಹಕ್ಕಿ ಕುಸಿದ 2013ರಲ್ಲೇ, ಡಿಸೆಂಬರಿನಲ್ಲಿ, ಅಂದಿನ ಗವರ್ನರ್ ಡೆನಿಸ್ ಡಾಗಾರ್ಡ್ ಹ್ಯುರಾನ್ ಪಟ್ಟಣದಲ್ಲಿ ಸಭೆ ಕರೆದಿದ್ದರು. ಅದು ಫೆಸೆಂಟಿನ ನೆಲೆಯ ಬಗ್ಗೆ ಕರೆದ ಸಭೆ, ರಕೂನಿನ ಬಗ್ಗೆಯಲ್ಲ. ರೋಗ ಯಾವುದೆಂದು ರಾಜ್ಯಕ್ಕೆ ಆಗಲೇ ತಿಳಿದಿತ್ತು. ಆರು ವರ್ಷದ ಬಳಿಕ ಅದೇ ರಾಜ್ಯ ಬಾಲ ಕೊಳ್ಳಲು ಕೂತಿತು. ಕೊಂಡದ್ದರಿಂದ ಹಕ್ಕಿ ಹೆಚ್ಚಿತೇ ಎಂದು ತಿಳಿಯಲು ಒಂದು ಸುಲಭದ ದಾರಿ ಇತ್ತು. 1949ರಿಂದ ಪ್ರತಿವರ್ಷ ಬೇಸಿಗೆಯ ಕೊನೆಯಲ್ಲಿ, ಇಬ್ಬನಿಯ ಮುಂಜಾವುಗಳಲ್ಲಿ, ನೂರಕ್ಕೂ ಹೆಚ್ಚು ನಿಗದಿತ ಮಾರ್ಗಗಳಲ್ಲಿ ವಾಹನ ಓಡಿಸಿ ಮರಿಗಳನ್ನು ಎಣಿಸುತ್ತಿದ್ದ ಸಮೀಕ್ಷೆ ಅದು. ಬಾಲಕ್ಕೆ ಹಣ ಕೊಟ್ಟ ಮೊದಲ ಬೇಸಿಗೆ, 2019ರಲ್ಲಿ, ಸಮೀಕ್ಷೆಯ ಅಂಕಿ ಹಿಂದಿನ ವರ್ಷಕ್ಕಿಂತ ಕೆಳಗಿಳಿಯಿತು. 2020ರಲ್ಲಿ ಸಮೀಕ್ಷೆಯನ್ನೇ ನಿಲ್ಲಿಸಲಾಯಿತು. ಬಾಲದ ಯೋಜನೆ ಮುಂದುವರಿಯಿತು.