ಖಾಲಿ ಮಾಡಿದ ಖೋಲಿಯ ವಿಳಾಸ

ಅಕ್ಕನ ಮಗ ಹೈದರಾಬಾದಿನಿಂದ ಫೋನ್ ಮಾಡಿದ್ದ. ಇಂಟರ್‌ವ್ಯೂ ಮುಗಿಸಿ ಹೊರಬಂದವನ ದನಿ ಸಪ್ಪಗಿತ್ತು. "ಮಾಮಾ, ಸಿ ಒಳಗ ಸ್ಟ್ಯಾಟಿಕ್ ಅಂದ್ರ ಏನು ಅಂತ ಕೇಳಿದ್ರು, ಹೇಳಿದೆ. ಹಂಗಾದ್ರ ಆ ವೇರಿಯಬಲ್ ಎಲ್ಲಿರತದ, ಎಲ್ಲೀ ತನಕ ಇರತದ ಅಂದ್ರು. ಬಾಯಿ ಕಟ್ಟಿತು."

ಅವನಿಗೆ ಹೇಳಿದ್ದನ್ನೇ ಈ ಸಲ ಬರೆಯುತ್ತಿದ್ದೇನೆ. ನಮ್ಮ ಓದುಗರಲ್ಲಿ ಕಂಪ್ಯೂಟರಿನಿಂದಲೇ ಹೊಟ್ಟೆ ಹೊರೆಯುವವರು ಬಹಳ. ಉಳಿದವರಿಗೆ ಬಾಡಿಗೆ ಮನೆಯ ಅನುಭವವಿದ್ದರೆ ಸಾಕು.

ಸಿ ಭಾಷೆಯ ಯಾವ ವೇರಿಯಬಲ್ ಬಗ್ಗೆಯೂ ಎರಡು ಪ್ರಶ್ನೆ ಕೇಳಬೇಕು. ಅದರ ಹೆಸರು ಎಲ್ಲೆಲ್ಲಿ ನಡೆಯುತ್ತದೆ? ಇದು ಸ್ಕೋಪ್. ಅದಕ್ಕೆ ಕೊಟ್ಟ ಜಾಗ ಎಷ್ಟು ಹೊತ್ತು ಅದರದೇ ಆಗಿರುತ್ತದೆ? ಇದು ಆಯುಷ್ಯ. ಎರಡನ್ನೂ ಒಂದೇ ಎಂದುಕೊಂಡಲ್ಲಿ ಎಡವುತ್ತೇವೆ.

ಫಂಕ್ಷನ್ ಒಳಗೆ ಸುಮ್ಮನೆ ಬರೆದ ವೇರಿಯಬಲ್ 'ಆಟೋ' ಜಾತಿಯದು. ಫಂಕ್ಷನ್ ನಡೆಯುವಾಗ ಸಾಮಾನ್ಯವಾಗಿ ಸ್ಟ್ಯಾಕ್ ಎಂಬ ಕಡೆ ಅದಕ್ಕೆ ಜಾಗ ಸಿಗುತ್ತದೆ, ಮುಗಿದಾಗ ಖಾಲಿ. ನಾವು ಬೆಲೆ ಕೊಡದಿದ್ದರೆ ಒಳಗೇನಿದೆ ಎಂದು ಹೇಳಲಾಗದು. ಹಿಂದಿನ ಬಾಡಿಗೆದಾರ ಬಿಟ್ಟುಹೋದ ಕಸವೇ ಇರಬಹುದು. ಅದಕ್ಕೆ 'ಸ್ಟ್ಯಾಟಿಕ್' ಎಂದು ಸೇರಿಸಿದರೆ ಹೆಸರು ಫಂಕ್ಷನ್ನಿನ ಹೊಸ್ತಿಲು ದಾಟದು, ಜಾಗ ಮಾತ್ರ ಪ್ರೋಗ್ರಾಮ್ ಮುಗಿಯುವವರೆಗೆ ಕಾಯಂ. ಬೆಲೆ ಕೊಡದಿದ್ದರೆ ಸೊನ್ನೆಯಿಂದ ಶುರು. ಒಂದು ಕರೆಯಲ್ಲಿ ಇಟ್ಟದ್ದು ಮುಂದಿನ ಕರೆಗೆ ಹಾಗೇ ಸಿಗುತ್ತದೆ.

ಫಂಕ್ಷನ್ನುಗಳ ಹೊರಗೆ ಬರೆದದ್ದೂ ಕಾಯಂ. ಬೇರೆ ಫೈಲಿನವರು 'ಎಕ್ಸ್‌ಟರ್ನ್' ಎಂದು ಹೇಳಿ ಅದನ್ನು ಬಳಸಬಹುದು. ಇದಕ್ಕೆ ಸ್ಟ್ಯಾಟಿಕ್ ಸೇರಿಸಿದರೆ ಆಯುಷ್ಯ ಬದಲಾಗದು, ಹೆಸರು ಆ ಫೈಲಿಗಷ್ಟೇ ಸೀಮಿತವಾಗುತ್ತದೆ. ಒಂದೇ ಶಬ್ದಕ್ಕೆ ಎರಡು ಕೆಲಸ. ಬಾಯಿಪಾಠ ಮಾಡಿದವರು ಸಿಕ್ಕಿಬೀಳುವುದು ಇಲ್ಲೇ.

ಇದೆಲ್ಲ ಕರ್ನಿಗನ್ ಮತ್ತು ರಿಚಿ 1978ರಲ್ಲಿ ಬರೆದ ಪುಸ್ತಕದಲ್ಲೇ ಇದೆ. ನಾನೂ ಓದಿದ್ದೆ. ಓದಿಯೂ ಎಡವಿದೆ.

ಪುಣೆಗೆ ಬಂದ ಹೊಸದರಲ್ಲಿ ಒಂದು ಪತಪೇಢಿಗೆ, ಊರ ಕಡೆ ಪತ್ತಿನ ಸಂಘ ಅನ್ನುತ್ತೇವಲ್ಲ ಅದಕ್ಕೆ, ಠೇವಣಿ ರಸೀದಿ ಮುದ್ರಿಸುವ ಪ್ರೋಗ್ರಾಮ್ ಬರೆದೆ. ಹೆಸರು, ಅಡ್ಡಹೆಸರು ಜೋಡಿಸಿಕೊಡಲು ಒಂದು ಫಂಕ್ಷನ್ ಇತ್ತು. ಜೋಡಿಸಿದ್ದನ್ನು ಅದರೊಳಗಿನ ಅರೇಯಲ್ಲಿಟ್ಟು, ಆ ಅರೇಯ ವಿಳಾಸವನ್ನು ಹಿಂದಿರುಗಿಸುತ್ತಿದ್ದೆ. ನನ್ನ ಮೇಜಿನ ಮೇಲೆ ಎಲ್ಲ ಸರಿಯಿತ್ತು. ಕೊನೆಗಳಿಗೆಯಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆಯುವ ಇನ್ನೊಂದು ಫಂಕ್ಷನ್ ಸೇರಿಸಿ ಕೊಟ್ಟುಬಂದೆ.

ಅಲ್ಲಿ ಕೆಲವು ರಸೀದಿಗಳಲ್ಲಿ ಹೆಸರು ಕೆಟ್ಟು ಬರತೊಡಗಿತು. ಅರ್ಧ ಹೆಸರು, ಅರ್ಧ ಏನೇನೋ ಅಕ್ಷರ. ಟೈಪ್ ಮಾಡುತ್ತಿದ್ದವರು ನಿವೃತ್ತಿಗೆ ಹತ್ತಿರವಿದ್ದ ಒಬ್ಬ ಕಾಕಾ. ಮಶೀನು ತಪ್ಪು ಮಾಡುತ್ತದೆಯೇ, ಕಾಕಾನೇ ತಪ್ಪು ಹೊಡೆದಿದ್ದಾರೆ ಎಂದಾಯಿತು. ಎಂಟು ದಿನ ಎಲ್ಲರೆದುರು ಬೈಸಿಕೊಂಡರು. "ಎಂಟ್ರಿ ಸರಿಯಾಗಿ ನೋಡಿ ಮಾಡಿ" ಎಂದು ನಾನೂ ಫೋನಿನಲ್ಲಿ ಹೇಳಿದ್ದೆ.

ಆದದ್ದಿಷ್ಟು. ಖೋಲಿ ಖಾಲಿ ಮಾಡಿದ ಮೇಲೂ ಆ ವಿಳಾಸವನ್ನೇ ನಾನು ಹಂಚುತ್ತಿದ್ದೆ. ಹೊಸ ಬಾಡಿಗೆದಾರ ಬರುವ ತನಕ ಹಳೆಯ ಸಾಮಾನು ಅಲ್ಲೇ ಇದ್ದಂತೆ ಕಾಣುತ್ತದೆ. ಮೊತ್ತ ಬರೆಯುವ ಫಂಕ್ಷನ್ ಅದೇ ಖೋಲಿಗೆ ಬಂದು ತನ್ನ ಸಾಮಾನು ಹರವಿತ್ತು. ಕಂಪೈಲರ್ ಎಚ್ಚರಿಕೆಯನ್ನೂ ಕೊಟ್ಟಿತ್ತು. ಪರದೆಯ ಮೇಲೆ ಸರಿದುಹೋದ ಆ ಸಾಲನ್ನು ನಾನು ಓದಿರಲಿಲ್ಲ.

ಅವಸರದಲ್ಲಿ ಅರೇಯ ಹಿಂದೆ ಸ್ಟ್ಯಾಟಿಕ್ ಎಂದು ಸೇರಿಸಿದೆ. ಹೆಸರು ಸರಿಬಂತು, ನಿಟ್ಟುಸಿರು ಬಿಟ್ಟೆ. ಎರಡೇ ದಿನಕ್ಕೆ ಕಾಕಾನ ಫೋನ್: ನಾಮಿನಿ ಇರುವ ರಸೀದಿಗಳಲ್ಲಿ ಠೇವಣಿದಾರರ ಹೆಸರಿನ ಜಾಗದಲ್ಲೂ ನಾಮಿನಿಯ ಹೆಸರೇ ಬರುತ್ತಿದೆ! ಬೈಸಿಕೊಂಡ ಮೇಲೆ ಅವರು ಪ್ರತಿ ರಸೀದಿಯನ್ನೂ ಲೆಡ್ಜರಿನ ಜೊತೆ ತಾಳೆ ನೋಡುತ್ತಿದ್ದರು, ಅದಕ್ಕೇ ಸಿಕ್ಕಿತು. ಸ್ಟ್ಯಾಟಿಕ್ ಖೋಲಿ ಕಾಯಂ ನಿಜ, ಆದರೆ ಇರುವುದು ಒಂದೇ. ಫಂಕ್ಷನ್ನನ್ನು ಎರಡು ಸಲ ಕರೆದೆ, ಎರಡು ಸಲವೂ ಸಿಕ್ಕದ್ದು ಅದೇ ವಿಳಾಸ. ಎರಡನೆಯ ಹೆಸರು ಮೊದಲನೆಯದನ್ನು ಅಳಿಸಿ ಕೂತಿತು.

ಕಡೆಗೆ ಸರಿಮಾಡಿದ್ದು ಹೀಗೆ. ರಸೀದಿ ಮುದ್ರಿಸುವ ಫಂಕ್ಷನ್ನಿನಲ್ಲೇ ಎರಡು ಅರೇ ಮಾಡಿದೆ, ಒಂದು ಠೇವಣಿದಾರರಿಗೆ, ಒಂದು ನಾಮಿನಿಗೆ. ಹೆಸರು ಜೋಡಿಸುವ ಫಂಕ್ಷನ್ನಿಗೆ ಅವುಗಳ ವಿಳಾಸವನ್ನೂ ಅಳತೆಯನ್ನೂ ಕೊಟ್ಟೆ. ರಸೀದಿ ಮುಗಿಯುವ ತನಕ ಎರಡೂ ಜೀವಂತ. 'ಮ್ಯಾಲಕ್' ಮಾಡಿಯೂ ಜಾಗ ಪಡೆಯಬಹುದಿತ್ತು. ಆಗ 'ಫ್ರೀ' ಮಾಡಿ ಬಿಟ್ಟುಕೊಡುವ ಜವಾಬ್ದಾರಿಯೂ ನಮ್ಮದೇ.

ಹೊಸ ಪ್ರೋಗ್ರಾಮ್ ಹಾಕಲು ನಾನೇ ಹೋದೆ. ಮ್ಯಾನೇಜರ ಮುಂದೆ, ಎಲ್ಲರಿಗೂ ಕೇಳುವಂತೆ, ಎರಡೂ ಸಲ ತಪ್ಪು ನನ್ನದು, ಕಾಕಾದಲ್ಲ ಎಂದು ಹೇಳಿದೆ. ಕಾಕಾ ಏನೂ ಅನ್ನಲಿಲ್ಲ. ಚಹಾ ತರಿಸಿದರು. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಕಥೆ ಕೇಳಿ ಹುಡುಗ ಕೇಳಿದ, "ಮುಂದಿನ ಇಂಟರ್‌ವ್ಯೂದಾಗ ಇದನ್ನ ಹೇಳಿಬಿಡಲೇನು ಮಾಮಾ?"

"ಮೊದಲ ಮಾಡಿ ನೋಡು," ಎಂದೆ. ಸಿ ಜೊತೆಗೇ ಬರುವ 'ಸಿಟೈಮ್' ಫಂಕ್ಷನ್ ಕೂಡ ಇಂಥದೇ ಒಂದು ಕಾಯಂ ಖೋಲಿಯ ವಿಳಾಸ ಕೊಡುತ್ತದೆ. ಎರಡು ಬೇರೆ ಬೇರೆ ದಿನಾಂಕ ಕೊಟ್ಟು, ಒಂದೇ 'ಪ್ರಿಂಟ್‌ಎಫ್' ಒಳಗೆ ಎರಡು ಸಲ ಕರೆದು ಮುದ್ರಿಸಿ ನೋಡಬೇಕು.

ರಾತ್ರಿ ಹತ್ತಕ್ಕೆ ಮೆಸೇಜ್ ಬಂತು: "ಮಾಮಾ, ಎರಡೂ ಒಂದ ದಿನಾಂಕ ಬಂದಾವ. ಈಗ ತಿಳೀತು."